ಮೇಜಿನ ಆ ತುದಿಯವರೆಗೆ

ಜನವರಿ 9

ಗಿಣಿಗೆ ಅಕ್ಕನ ಆಶೀರ್ವಾದ.

"ನಾವೆಲ್ಲ ಕ್ಷೇಮ" ಎಂದು ಮೊದಲ ಸಾಲು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ಕಾಣುವ ಕಪ್ಪು ಗೀಟು ಅದೇ. ಹೊಡೆದ ಮೇಲೆ ಅಪಶಕುನ ಮಾಡಿದೆನೇನೋ ಅಂತ ಇನ್ನೊಂದು ಹೆದರಿಕೆ ಹತ್ತಿಕೊಂಡಿತು. ಅದಕ್ಕೇ ಮತ್ತೆ ಬರೆಯುತ್ತೇನೆ. ನಾವು ಕ್ಷೇಮ, ಇವತ್ತಿನ ಮಟ್ಟಿಗೆ.

ಫೋನ್ ಇರುವಾಗ ಅಕ್ಕನಿಗೆ ಕಾಗದದ ಹುಚ್ಚು ಯಾಕೆ ಅಂತ ನಗಬೇಡ. ನಮ್ಮದು ಒಂದೇ ಕೋಣೆ. ನಿನ್ನ ಭಾವ ಹಗಲೆಲ್ಲ ಕಿಟಕಿಯ ಹತ್ತಿರದ ಕುರ್ಚಿಯಲ್ಲೇ ಇರುತ್ತಾರೆ. ನಾನು ಪಿಸುಗುಟ್ಟಿದರೂ ಅವರ ಕಿವಿಗೆ ಬೀಳುತ್ತದೆ. ಉಸಿರು ಹೋದರೂ ಕಿವಿ ಮಾತ್ರ ಚುರುಕು. ಕಾಗದ ಬರೆದರೆ ನಾನು ಹೊಲಿದ ದಿಂಬು ಅಂಗಡಿಗೆ ಎಷ್ಟು ಹೋಯಿತು ಅಂತ ಬರೆದಿಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಶಾಲೆ ಅರ್ಧಕ್ಕೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಆಸ್ಪತ್ರೆಯವರು ಮನೆಗೆ ಆಕ್ಸಿಜನ್ ಯಂತ್ರ ಕೊಟ್ಟ ಮೇಲೆ ಇವರು ಸ್ವಲ್ಪ ಮನುಷ್ಯರಾಗಿದ್ದಾರೆ. ಮುಖಕ್ಕೆ ಬಣ್ಣ ಬಂದಿದೆ, ಜೊತೆಗೆ ಬಾಯಿಯೂ ಬಂದಿದೆ. ಯಂತ್ರಕ್ಕೆ "ಅಳಿಯ" ಅಂತ ಹೆಸರಿಟ್ಟಿದ್ದಾರೆ. "ಮಕ್ಕಳಿಲ್ಲದ ಮನೆಗೆ ಅಳಿಯ ಬಂದಿದ್ದಾನೆ ನೋಡೇ. ಮೂಲೇಲಿ ಕೂತಿರ್ತಾನೆ, ಕರೆಂಟು ತಿಂತಾನೆ, ಗೊರಕೆ ಹೊಡೀತಾನೆ. ಯಾರೂ ಏನೂ ಅನ್ನೋ ಹಾಗಿಲ್ಲ" ಅಂತಾರೆ. ಊರಿಗೆಲ್ಲ ಹತ್ತಿ ಹಿಂಜಿ ಹಾಸಿಗೆ ಮಾಡಿಕೊಟ್ಟವರು ಈಗ ಬೆನ್ನು ನೆಲಕ್ಕೆ ಹಚ್ಚುವ ಹಾಗಿಲ್ಲ, ಕೂತೇ ನಿದ್ದೆ. ಹಿಂಜಿದ ಧೂಳೆಲ್ಲ ಎದೆಯೊಳಗೇ ಉಳಿಯಿತು.

ವಿಷಯಕ್ಕೆ ಬರುತ್ತೇನೆ. ನರ್ಸಮ್ಮ ಹೇಳಿದರು, "ಮುಂದಿನ ತಿಂಗಳು ಮೇಲಿನವರು ಬರ್ತಾರೆ, ನಮ್ಮ ಎದೆ ವಿಭಾಗ ಅಳೀತಾರೆ. ನಿಮ್ಮ ಮನೆಯವರನ್ನೂ ಕರೀತಾರಮ್ಮ." ಅದು ನಿನ್ನ ಕಚೇರಿಯದೇ ಕೆಲಸ ತಾನೇ? ಏನು ಅಳೆಯುತ್ತಾರೆ? ಅವರಿಗೆ ಸರಿ ಕಾಣದಿದ್ದರೆ ಏನು ಮಾಡುತ್ತಾರೆ? ಯಂತ್ರಕ್ಕೆ ಏನೂ ಆಗುವುದಿಲ್ಲ ತಾನೇ? ಬೇಗ ಬರಿ.

ನಿನ್ನ ಅಕ್ಕ


ಜನವರಿ 18

ಅಕ್ಕನಿಗೆ,

ಹೌದು, ಅದು ನಮ್ಮದೇ ವಿಭಾಗ. ದೇಶದ ಆಸ್ಪತ್ರೆಗಳು ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿವೆ ಎಂದು ಮೊದಲ ಬಾರಿಗೆ ಅಳೆಯುತ್ತಿದ್ದಾರೆ. ಊರೂರಿನಿಂದ ಬರುವ ಉತ್ತರಗಳನ್ನು ಕಂಪ್ಯೂಟರಿಗೆ ತುಂಬಿಸುವವರಲ್ಲಿ ನಾನೂ ಒಬ್ಬ. ದೊಡ್ಡ ಕೆಲಸವೇನಲ್ಲ, ಆದರೆ ದೊಡ್ಡ ಕೆಲಸದ ಒಂದು ಮೂಲೆ.

ಹೆದರಬೇಡ. ಅವರು ಅಳೆಯುವುದು ಭಾವನನ್ನಲ್ಲ, ಆಸ್ಪತ್ರೆಯನ್ನು. ಭಾವ ಒಂದು ಕೊಳವೆಯಲ್ಲಿ ಊದಬೇಕು, ಸ್ವಲ್ಪ ನಡೆಯಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಅಷ್ಟೇ. ಎಲ್ಲ ಚೆನ್ನಾಗಿ ಆಗುವ ಹಾಗೆ ನೋಡಿಕೋ. ನಮ್ಮ ಊರಿನ ಆಸ್ಪತ್ರೆ ಮೊದಲ ಸಾಲಿನಲ್ಲಿ ಬಂದರೆ ಇಲ್ಲಿ ನಾನೂ ತಲೆ ಎತ್ತಿಕೊಂಡು ಓಡಾಡಬಹುದು.

ಅಳಿಯನಿಗೆ ನನ್ನ ನಮಸ್ಕಾರ ತಿಳಿಸು.

ಗಿಣಿ


ಫೆಬ್ರವರಿ 1

ಗಿಣಿ,

ನಿನ್ನ ಕಾಗದ ಓದಿ ಅರ್ಧ ಸಮಾಧಾನ, ಅರ್ಧ ತಳಮಳ. ಭಾವನನ್ನಲ್ಲ, ಆಸ್ಪತ್ರೆಯನ್ನು ಅಳೆಯುತ್ತಾರೆ ಅಂದೆ. ಹಾಗಾದರೆ ಇವರು ಕೆಟ್ಟದಾಗಿ ಊದಿದರೆ ಕೆಟ್ಟ ಹೆಸರು ನರ್ಸಮ್ಮನಿಗೆ ಬರುತ್ತದಲ್ಲ. ಯಂತ್ರ ಕೊಡಿಸಲು ಆಕೆ ಎಷ್ಟು ಬಾಗಿಲು ತಟ್ಟಿದರು ಅಂತ ನನಗೆ ಗೊತ್ತು. "ಇಂಥ ಯಂತ್ರ ಕೊಟ್ಟರೂ ಈತ ಹೀಗೇ ಇದ್ದಾನಲ್ಲ, ದಂಡ" ಅಂತ ಮೇಲಿನವರು ಅಂದರೆ? ಕೆಳಗಿನ ಮನೆ ಅಜ್ಜಿಯೂ ಅದನ್ನೇ ಅಂದರು, "ಕೊಟ್ಟವರಿಗೆ ತೋರಿಸ್ಬೇಕು ಕಣೆ, ಕೊಟ್ಟಿದ್ದು ಹತ್ತಿದೆ ಅಂತ. ಇಲ್ದಿದ್ರೆ ಯಾಕೆ ಇಟ್ಟಿರ್ತಾರೆ?"

ಅದಕ್ಕೇ ತಯಾರಿ ನಡೆದಿದೆ. ಹೊಲಿಗೆಯ ಮೇಜಿನ ಮೇಲೆ ಒಂದು ಚೂರು ಹತ್ತಿ ಇಡುತ್ತೇನೆ. ಈ ತುದಿಯಲ್ಲಿ ಕೂತು ಇವರು ಊದಬೇಕು, ಅದು ಆ ತುದಿಗೆ ಹೋಗಬೇಕು. ಮೊದಲ ದಿನ ಕತ್ತರಿಯವರೆಗೂ ಹೋಗಲಿಲ್ಲ. "ಜೀವಮಾನವೆಲ್ಲ ಹತ್ತಿನೇ ನನ್ನ ಊದಿದ್ದು, ಈಗ ನಾನು ಹತ್ತಿನ ಊದ್ಬೇಕಂತೆ!" ಅಂತ ಬೈದರು. ಆಮೇಲೆ ಅವರಿಗೇ ಹಟ ಬಂತು. ಕಣ್ಣು ಮುಚ್ಚಿಕೊಂಡು ಊದಿದರೆ ಬಲ ಜಾಸ್ತಿ ಬರುತ್ತದೆ ಅಂತ ಅವರೇ ಕಂಡುಹಿಡಿದರು. ನಿನ್ನೆ ಹತ್ತಿ ಅಳತೆ ಪಟ್ಟಿ ದಾಟಿತು.

ಬಾಯಿಂದ ಎಳೆದುಕೊಳ್ಳುವ ಔಷಧಿಯ ಪಂಪನ್ನು ಈಗ ಹನಿಹನಿಯಾಗಿ ಉಳಿಸುತ್ತಿದ್ದೇನೆ, ಆ ದಿನ ಹೋಗುವ ಮುಂಚೆ ಧಾರಾಳವಾಗಿ ಎಳೆಯಲಿ ಅಂತ. ಎದ್ದು ಓಡಾಡಲು ಬಿಡುತ್ತಿಲ್ಲ, ಶಕ್ತಿ ಕೂಡಿರಲಿ. ಇಷ್ಟೆಲ್ಲ ಮಾಡಿಯೂ ಏನೋ ಮರೆತಿದ್ದೇನೆ ಅಂತಲೇ ಅನಿಸುತ್ತದೆ. ಏನಾದರೂ ಬಿಟ್ಟಿದ್ದರೆ ತಿಳಿಸು.

ಅಕ್ಕ


ಫೆಬ್ರವರಿ 12

ಗಿಣಿ,

ನಿನ್ನಿಂದ ಉತ್ತರ ಬರಲಿಲ್ಲ. ಇರಲಿ. ಗೆದ್ದೆವು ಕಣೋ!

ಪರೀಕ್ಷೆಯ ದಿನ ಬೆಳಗ್ಗೆಯಿಂದ ಅಳಿಯನ ಕೊಳವೆ ಮೂಗಿನಿಂದ ತೆಗೆಯಲು ಬಿಡಲಿಲ್ಲ. ಪಂಪು ಎಳೆಸಿದೆ, ಗಡ್ಡ ಹೆರೆಸಿದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಸಿದೆ. ಕೆಳಗಿನ ಮನೆ ಅಜ್ಜಿಯ ಮಗ ಮತ್ತು ಆಟೋದವನು ಇಬ್ಬರೂ ಸೇರಿ ಕುರ್ಚಿ ಸಮೇತ ಮೆಟ್ಟಿಲಿಳಿಸಿದರು. ಮುಂಚೆಯೇ ಹೋಗಿ ಬೆಂಚಿನ ಮೇಲೆ ಕೂರಿಸಿದೆ, ಏದುಸಿರು ಯಾರಿಗೂ ಕಾಣಬಾರದು ನೋಡು.

ಊದಿಸುವ ಹುಡುಗಿ ನಿನ್ನ ವಯಸ್ಸಿನವಳೇ. ಇವರು ಕಣ್ಣು ಮುಚ್ಚಿ ಊದಿದ ರಭಸಕ್ಕೆ "ಅಬ್ಬಾ, ತಾತ!" ಅಂದಳು. ಬೆರಳಿಗೆ ಕ್ಲಿಪ್ಪು ಹಾಕಿದಳು, ಅದರಲ್ಲೂ ಒಳ್ಳೆಯ ಅಂಕಿ. ವರಾಂಡದಲ್ಲಿ ಗೋಡೆ ಹಿಡಿಯದೆ ನಡೆದರು. ನಾನು ಪಕ್ಕದಲ್ಲೇ ಕೈ ಚಾಚಿಕೊಂಡು ನಡೆದೆ, ಮಗು ಹೆಜ್ಜೆ ಹಾಕುವಾಗ ನಡೆಯುತ್ತಾರಲ್ಲ, ಹಾಗೆ. ಕೊನೆಗೆ ಅವಳು ಕೇಳಿದಳು, "ನಿದ್ದೆ ಹೇಗೆ ಮಾಡ್ತೀರಾ?"

"ರಾಜನ ಹಾಗೆ" ಅಂದರು.

ಆಟೋದಲ್ಲಿ ಬರುವಾಗ ಕೇಳಿದೆ, ಯಾಕ್ರೀ ಹಾಗಂದ್ರಿ ಅಂತ. ಉಸಿರು ಬಿಗಿಹಿಡಿದು ಹಿಡಿದು ಮುಖ ಬೂದಿಯಾಗಿತ್ತು, ಆದರೂ ನಕ್ಕರು. "ರಾಜ ಯಾವಾಗ ನೋಡಿದ್ರೂ ಸಿಂಹಾಸನದ ಮೇಲೆ ಕೂತೇ ಇರ್ತಾನಲ್ಲೇ. ನಾನೇನು ಸುಳ್ಳು ಹೇಳಿದ್ನಾ?"

ಆಮೇಲೆ ಎರಡು ದಿನ ಮಾತಾಡಲಾಗಲಿಲ್ಲ. ಆಯಾಸ ಅಷ್ಟೇ. ನರ್ಸಮ್ಮನ ಮುಖ ಮಾತ್ರ ಯಾಕೋ ಸಪ್ಪೆಯಾಗಿತ್ತು. ಕೆಲಸ ಹೆಚ್ಚಿರಬೇಕು ಪಾಪ.

ಅಕ್ಕ


ಮಾರ್ಚ್ 4

ಅಕ್ಕನಿಗೆ,

ಕಚೇರಿಯ ಕೆಲಸದ ಮೇಲೆ ಊರೂರು ಸುತ್ತುತ್ತಿದ್ದೆ. ನಿನ್ನ ಎರಡೂ ಪತ್ರ ಒಟ್ಟಿಗೆ ಸಿಕ್ಕವು.

ಭಾವನಿಗೆ ವಿಶ್ರಾಂತಿ ಕೊಡು. ಪಂಪನ್ನು ಉಳಿಸಬೇಡ, ಡಾಕ್ಟರು ಹೇಳಿದಷ್ಟೇ, ಹೇಳಿದ ಹಾಗೆ ಕೊಡು. ಆಸ್ಪತ್ರೆಯಿಂದ ಯಂತ್ರದ ವಿಷಯ ಯಾರಾದರೂ ಕೇಳಿದರೆ, ಅದಿಲ್ಲದೆ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳು. ನಾಚಿಕೆ ಬೇಡ. ಯಂತ್ರ ಈಗ ಮನೆಯಲ್ಲೇ ಇದೆ ತಾನೇ?

ಗಿಣಿ


ಮಾರ್ಚ್ 13

ಗಿಣಿ,

ಇಷ್ಟು ಸಣ್ಣ ಕಾಗದ ನೀನು ಯಾವತ್ತೂ ಬರೆದವನಲ್ಲ. ನಾವು ಗೆದ್ದದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ. ದೊಡ್ಡ ಕಚೇರಿಯವನಾದೆ, ಅಕ್ಕನ ಹತ್ತಿಯ ಕಥೆ ಓದಿ ನಗು ಬಂದಿರಬೇಕು ಅಂದುಕೊಂಡೆ.

ಅಳಿಯನನ್ನು ತೆಗೆದುಕೊಂಡು ಹೋದರು.

ನಿನ್ನ ಕಾಗದ ಬಂದದ್ದು ಮಧ್ಯಾಹ್ನ, ಅವರು ಬಂದದ್ದು ಅದೇ ದಿನ ಬೆಳಗ್ಗೆ. ಇಬ್ಬರು ಬಂದಿದ್ದರು, ಒಳ್ಳೆಯವರೇ, ಚಪ್ಪಲಿ ಬಿಟ್ಟು ಒಳಗೆ ಬಂದರು. "ನಿಮ್ಮ ಹೆಸರು ಪಟ್ಟೀಲಿ ಇಲ್ಲಮ್ಮ, ನಾವೇನು ಮಾಡೋಕಾಗುತ್ತೆ?" ಅಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಇವರೇ "ಬಿಡೇ ದಾರಿ" ಅಂದರು. "ಅಳಿಯ ಮುನಿಸಿಕೊಂಡು ಹೊರಟಿದ್ದಾನೆ, ಊಟ ಸರಿ ಹೋಗ್ಲಿಲ್ಲವೇನೋ. ನಾಲ್ಕು ದಿನ ಬಿಟ್ಟು ಬರ್ತಾನೆ." ಅಷ್ಟು ಹೇಳುವುದಕ್ಕೆ ಮೂರು ಕಡೆ ನಿಲ್ಲಿಸಿದರು.

ಕೋಣೆ ಈಗ ಎಷ್ಟು ಸದ್ದಿಲ್ಲದೆ ಇದೆ ಅಂದರೆ, ಅವರ ಎದೆಯ ಕುಯ್ ಕುಯ್ ಶಬ್ದ ಹೊಲಿಗೆ ಯಂತ್ರ ತುಳಿಯುವಾಗಲೂ ಕೇಳಿಸುತ್ತದೆ. ಅದು ನಿಂತರೆ ನಾನೂ ತುಳಿಯುವುದು ನಿಲ್ಲಿಸಿ ನೋಡುತ್ತೇನೆ.

ನೀನು ಅಲ್ಲೇ ಇದ್ದೀಯಲ್ಲ. ಯಾರಿಗಾದರೂ ಒಂದು ಮಾತು ಹೇಳು. ಯಾಕೆ ತೆಗೆದುಕೊಂಡು ಹೋದರು ಅಂತ ಕೇಳಿ ತಿಳಿಸು. ಹೊಸದು ಕೊಂಡುಕೊಡುತ್ತೇನೆ ಅಂತ ಮಾತ್ರ ಬರೆಯಬೇಡ, ನಿನ್ನ ಸಂಬಳ ನನಗೆ ಗೊತ್ತು.

ಅಕ್ಕ


ಮಾರ್ಚ್ 24

ಅಕ್ಕನಿಗೆ,

ವಿಚಾರಿಸಿದೆ. ಯಂತ್ರಗಳು ಕಡಿಮೆ, ಕಾಯುವವರು ಬಹಳ. ಸರದಿಯ ಪ್ರಕಾರ ಬದಲಾಯಿಸುತ್ತಾರಂತೆ. ಯಾರ ತಪ್ಪೂ ಇಲ್ಲ. ಮತ್ತೊಮ್ಮೆ ನೋಡಿ ಎಂದು ಅರ್ಜಿ ಹಾಕಿದ್ದೇನೆ. ಧೈರ್ಯವಾಗಿರು.

ಗಿಣಿ


ಏಪ್ರಿಲ್ 5

ಗಿಣಿ,

ಸರದಿ ಅಂತ ಬರೆದೆಯಲ್ಲ. ನಾನು ನಂಬಿದೆ. ನಿನ್ನೆ ಪಂಪು ತರಲು ಹೋದಾಗ ನರ್ಸಮ್ಮ ನನ್ನ ಕೈ ಹಿಡಿದುಕೊಂಡು ಕೂರಿಸಿದರು. ಎದೆ ವಿಭಾಗಕ್ಕೆ ಸುತ್ತಲಿನ ಊರುಗಳಿಗೆಲ್ಲ ಮೊದಲ ಸ್ಥಾನ ಬಂದಿದೆಯಂತೆ, ಗೋಡೆಗೆ ಮೆಚ್ಚುಗೆ ಪತ್ರ ಹಾಕಿದ್ದಾರೆ. "ಅಮ್ಮಾ, ಯಾಕಮ್ಮಾ ಹಾಗೆ ತಯಾರು ಮಾಡಿಸ್ಕೊಂಡು ಬಂದ್ರಿ?" ಅಂದರು. "ನಾನು ನೋಡ್ತಾ ನಿಂತಿದ್ದೆ, ಅವರೆದುರಿಗೆ ಬಾಯಿ ಬಿಡೋ ಹಾಗಿರ್ಲಿಲ್ಲ. ಇಷ್ಟು ಚೆನ್ನಾಗಿದ್ದಾರೆ, ಮನೆಯಲ್ಲಿ ಯಂತ್ರ ಯಾಕೆ ಅಂತ ಬರೆದ್ಬಿಟ್ರು."

ನಿನಗೆ ಗೊತ್ತಿತ್ತು. ಆ ಸಣ್ಣ ಕಾಗದ ಬರೆದಾಗಲೇ ಗೊತ್ತಿತ್ತು. ನನಗೆ ನೋವಾಗಬಾರದು ಅಂತ ಮುಚ್ಚಿಟ್ಟೆ, ಅದೂ ಗೊತ್ತು. ಆದರೆ ನಿನ್ನ ಸುಳ್ಳು ನಂಬಿ ಒಂದು ವಾರ ಸರದಿಯನ್ನು ಬೈದೆನಲ್ಲೋ. ನನ್ನನ್ನು ಬೈದುಕೊಳ್ಳುವುದರಲ್ಲಿ ಅಷ್ಟು ದಿನ ಹಿಂದೆ ಬಿದ್ದೆ.

ಯಂತ್ರ ಯಾರ ಮನೆಗೆ ಹೋಗಿದೆ ಅಂತ ಕೇಳಿಕೊಂಡು ಹೋದೆ. ಕೈಕಾಲು ಹಿಡಿದಾದರೂ ವಾಪಸ್ ತರಬೇಕು ಅಂತ. ಅಂಚೆ ಕಚೇರಿಯ ಹಿಂದಿನ ಬೀದಿ, ಒಬ್ಬ ರಿಟೈರಾದ ಟೀಚರಮ್ಮ. ಬಾಗಿಲಲ್ಲೇ ಅಳಿಯನ ಗೊರಕೆ ಕೇಳಿಸಿತು, ನನ್ನ ಕಾಲು ಅಲ್ಲೇ ನಿಂತವು. ಆಕೆಯ ತುಟಿ ಇವರ ತುಟಿಗಿಂತ ನೀಲಿ. "ಯಾರು ಬೇಕಿತ್ತಮ್ಮ?" ಅಂದರು. ದಿಂಬು ಬೇಕಾ ಅಂತ ಕೇಳೋಕೆ ಬಂದೆ ಅಂದೆ. ಒಂದು ಬೇಕು ಅಂದರು. ಬೆನ್ನಿಗೆ ಇಟ್ಟುಕೊಳ್ಳಲು, ಕೂತೇ ನಿದ್ದೆ ಮಾಡುವುದಂತೆ.

ಹೊಲಿಯುತ್ತಿದ್ದೇನೆ. ಇವರಿಗೆ ಇದ್ಯಾವುದನ್ನೂ ಹೇಳಿಲ್ಲ. ನಾಲ್ಕು ದಿನ ಆಗಲಿಲ್ಲವಾ, ಅಳಿಯ ಬರಲಿಲ್ಲವಾ ಅಂತ ಕೇಳುವುದನ್ನೂ ಈಗ ಬಿಟ್ಟಿದ್ದಾರೆ.

ಇನ್ನು ನನ್ನ ಹತ್ತಿರ ಏನನ್ನೂ ಮುಚ್ಚಿಡಬೇಡ.

ಅಕ್ಕ


ಏಪ್ರಿಲ್ 14

ಅಕ್ಕಾ,

ಮುಚ್ಚಿಡುವುದಿಲ್ಲ. ಭಾವನ ಹಾಳೆ ನನ್ನ ಮೇಜಿಗೇ ಬಂದಿತ್ತು. ನಾನೇ ಟೈಪು ಮಾಡಿದೆ. ಊದಿದ್ದು ಉತ್ತಮ, ನಡೆದದ್ದು ಉತ್ತಮ, ನಿದ್ದೆ ಉತ್ತಮ. ಎದ್ದು ಹೋಗಿ ನಮ್ಮ ಮೇಲಿನವರಿಗೆ ಹೇಳಿದೆ, ಸಾರ್, ಇದು ನಿಜವಲ್ಲ, ಇವರು ನನ್ನ ಭಾವ ಎಂದು. ಅವರು ಕನ್ನಡಕ ತೆಗೆದು, "ನಿಮ್ಮ ಭಾವ ಚೆನ್ನಾಗಿದ್ದಾರೆ ಅಂತ ಇದೆ. ಸಂತೋಷಪಡೋದು ಬಿಟ್ಟು ತಕರಾರು ಮಾಡ್ತೀರಲ್ರೀ" ಎಂದರು. ಎಲ್ಲ ಚೆನ್ನಾಗಿ ಆಗುವ ಹಾಗೆ ನೋಡಿಕೋ ಎಂದು ಬರೆದವನು ನಾನೇ ಅಲ್ಲವೇ ಅಕ್ಕಾ. ನೀನೊಬ್ಬಳೇ ಬೈದುಕೊಳ್ಳಬೇಡ.

ಒಂದು ದಾರಿ ಸಿಕ್ಕಿದೆ. ಮರುಪರೀಕ್ಷೆಗೆ ಒಪ್ಪಿದ್ದಾರೆ, ಈ ತಿಂಗಳ ಕೊನೆಗೆ, ಅದೇ ಹುಡುಗಿ ಬರುತ್ತಾಳೆ. ಈ ಸಲ ಏನೂ ಮಾಡಬೇಡ. ಹತ್ತಿ ಬೇಡ, ಇಸ್ತ್ರಿ ಬೇಡ. ಭಾವ ಹೇಗಿದ್ದಾರೋ ಹಾಗೇ ಊದಲಿ. ಕೂತು ನಿದ್ದೆ ಮಾಡುವುದನ್ನು ಹೇಳಲಿ. ರಾಜ ಗೀಜ ಬೇಡ.

ಗಿಣಿ


ಮೇ 2

ಗಿಣಿ,

ನೀನು ಹೇಳಿದ ಹಾಗೇ ಮಾಡಿದೆ. ಏನೂ ಮಾಡಲಿಲ್ಲ. ಗಡ್ಡ ಹೆರೆಸಲಿಲ್ಲ. ಇವರಿಗೆ ಅವಮಾನವಾಯಿತು, "ಹೆಣದ ಹಾಗೆ ಕರ್ಕೊಂಡು ಹೋಗ್ತೀಯಲ್ಲೇ" ಅಂದರು. ಇದ್ದ ಹಾಗೇ ಊದಿ ಸಾಕು ಅಂದೆ. ಯಾಕೆ ಅಂತ ಕೇಳಲಿಲ್ಲ. ಅರ್ಥವಾಗಿರಬೇಕು.

ಕೊಳವೆ ಬಾಯಿಗಿಟ್ಟುಕೊಂಡರು. ಒಂದು ಚೂರು ಊದುವಷ್ಟರಲ್ಲಿ ಕೆಮ್ಮು. ಮತ್ತೆ ಊದಿದರು, ಮತ್ತೆ ಕೆಮ್ಮು. ಆ ಹುಡುಗಿ ಬೆನ್ನು ಸವರಿದಳು. "ತಾತ, ಉಸಿರು ಪೂರ್ತಿ ಖಾಲಿಯಾಗೋವರೆಗೂ ಬಿಡಬೇಕು, ಮಧ್ಯದಲ್ಲಿ ನಿಲ್ಲಿಸಿದ್ರೆ ಯಂತ್ರ ತಗೊಳ್ಳಲ್ಲ." ಕಣ್ಣು ಮುಚ್ಚಿಕೊಂಡರು, ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದವು, ಕಣ್ಣಿನ ಮೂಲೆಯಿಂದ ನೀರು ಬಂತು. ನಾನು ಹೊರಗೆ ಬರಲೂ ಇಲ್ಲ, ನೋಡಲೂ ಇಲ್ಲ. ಗೋಡೆಯ ಮೇಲಿನ ಮೆಚ್ಚುಗೆ ಪತ್ರ ಓದುತ್ತಾ ನಿಂತೆ.

ಕೊನೆಗೆ ಅವಳ ಪರದೆಯ ಮೇಲೆ ಕೆಂಪು ಅಕ್ಷರ ಬಂತು. ನಾನು ಕೂಡಿಸಿಕೊಂಡು ಓದಿದೆ. "ಪ್ರಯತ್ನ ಸಾಲದು. ಮತ್ತೊಮ್ಮೆ ಊದಿ."

ಮತ್ತೊಮ್ಮೆ ಊದಿದರು. ಅದೇ ಬಂತು.

ಬೆರಳಿನ ಕ್ಲಿಪ್ಪಿನಲ್ಲಿ ಅಂಕಿ ತೀರಾ ಕಡಿಮೆ ಇತ್ತು, ನರ್ಸಮ್ಮ ಓಡಿ ಬಂದು ಅಲ್ಲಿನ ಆಕ್ಸಿಜನ್ ಹಾಕಿ ಸಂಜೆಯವರೆಗೆ ಮಲಗಿಸಿದರು, ಅಂದರೆ ಕೂರಿಸಿದರು. ಒಳಗೆ ಸೇರಿಸಿಕೊಳ್ಳಿ ಅಂದೆ, ಹಾಸಿಗೆ ಖಾಲಿ ಇಲ್ಲ. ಬರಿ ಕ್ಲಿಪ್ಪಿನ ಮೇಲೆ ಮನೆಗೆ ಯಂತ್ರ ಬರೆಯುವ ಹಾಗಿಲ್ಲ, ಊದಿದ್ದೂ ಸೇರಬೇಕಂತೆ. ಆ ಹುಡುಗಿ ನನ್ನ ಮುಖ ನೋಡದೆ ಸಾಮಾನು ಕಟ್ಟಿಕೊಂಡಳು.

ಆವತ್ತು ಚೆನ್ನಾಗಿ ಊದಿದ್ದಕ್ಕೆ ಯಂತ್ರ ಹೋಯಿತು. ಈಗ ಊದಲಾಗದ್ದಕ್ಕೆ ಬರುವುದಿಲ್ಲ. ಹಾಗಾದರೆ ಹೇಗೆ ಊದಬೇಕಿತ್ತೋ ಗಿಣಿ? ಅದನ್ನಾದರೂ ಕೇಳಿ ತಿಳಿಸು.

ಅಕ್ಕ


ಮೇ 19

ಅಕ್ಕಾ,

ಮುಚ್ಚಿಡುವುದಿಲ್ಲ ಎಂದಿದ್ದೆ. ಅದಕ್ಕೇ ಈ ಕಾಗದ ಬರೆಯಲು ಇಷ್ಟು ದಿನವಾಯಿತು.

ಊದುವ ಯಂತ್ರ ಒಪ್ಪಿಕೊಳ್ಳದ ಊದುವಿಕೆಯ ಹಾಳೆಗಳನ್ನು ಲೆಕ್ಕಕ್ಕೆ ಸೇರಿಸಬಾರದು ಎಂಬುದು ನಿಯಮ. ಭಾವನ ಎರಡನೆಯ ಹಾಳೆಯೂ ನನ್ನ ಮೇಜಿಗೇ ಬಂತು. ತೆಗೆದಿಟ್ಟವನು ನಾನೇ. ನಾನು ತೆಗೆದಿಡದಿದ್ದರೆ ಪಕ್ಕದವನು ತೆಗೆದಿಡುತ್ತಿದ್ದ. ಅಂಥ ಹಾಳೆಗಳ ಕಟ್ಟು ನನ್ನ ಮೊಣಕಾಲಿನೆತ್ತರ ಇದೆ ಅಕ್ಕಾ. ಅವರೆಲ್ಲ ಊದಲಾಗದವರು. ಅವರನ್ನು ಬಿಟ್ಟು ಉಳಿದವರ ಸರಾಸರಿ ತೆಗೆದಿದ್ದಾರೆ, ಬಹಳ ಒಳ್ಳೆಯದು ಬಂದಿದೆ. ಮುಂದಿನ ವಾರ ಪುಸ್ತಕ ಮಾಡಿ ಬಿಡುಗಡೆ ಮಾಡುತ್ತಾರೆ. ನಮಗೆಲ್ಲ ಸಿಹಿ ಹಂಚಿದರು. ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ.

ಹೇಗೆ ಊದಬೇಕಿತ್ತು ಎಂದು ಕೇಳಿದೆ. ಎಲ್ಲರನ್ನೂ ಕೇಳಿದೆ. ಒಬ್ಬರಾದ ಮೇಲೊಬ್ಬರು ಇನ್ನೊಬ್ಬರನ್ನು ತೋರಿಸಿದರು. ಮುಂದಿನ ಸುತ್ತು ವರ್ಷದ ಕೊನೆಗಂತೆ.

ರಜೆ ಸಿಕ್ಕಿದೆ. ಜೂನ್ ಮೊದಲ ವಾರ ಬರುತ್ತೇನೆ. ಬಂದು ಏನು ಮಾಡುತ್ತೇನೋ ಗೊತ್ತಿಲ್ಲ.

ಗಿಣಿ


ಮೇ 28

ಗಿಣಿ,

ಬಾ. ಏನು ಮಾಡುತ್ತೀಯ ಅಂತ ಯಾರೂ ಕೇಳುವುದಿಲ್ಲ. ಬೆನ್ನಿಗೆ ಒರಗಿ ಕೂತರೆ ಇವರಿಗೆ ಸ್ವಲ್ಪ ಹಾಯೆನಿಸುತ್ತದೆ, ನನ್ನ ಬೆನ್ನು ಸೋತಿದೆ. ನಿನ್ನದು ಇನ್ನೂ ಗಟ್ಟಿ ಇರಬೇಕು.

ನಿನ್ನ ಕಾಗದವನ್ನು ಒಲೆಗೆ ಹಾಕಿದೆ, ಇವರ ಕೈಗೆ ಸಿಗಬಾರದು ಅಂತ. ಟೀಚರಮ್ಮನಿಗೆ ದಿಂಬು ಕೊಟ್ಟು ಬಂದೆ. ಕಾಸು ಬೇಡ ಅಂದರೂ ಕೈಗೆ ತುರುಕಿದರು. ನಿಮ್ಮ ಮನೆಯವರು ಹೇಗಿದ್ದಾರೆ ಅಂತ ಕೇಳಿದರು, ಯಾರು ಹೇಳಿದರೋ ಏನೋ. ಚೆನ್ನಾಗಿದ್ದಾರೆ ಅಂದೆ. ಎಲ್ಲರೂ ಹಾಗೇ ಬರೆದಿದ್ದಾರೆ, ನಾನೊಬ್ಬಳು ಬೇರೆ ಯಾಕೆ ಹೇಳಲಿ?

ಇನ್ನೊಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ, ಬಂದಾಗ ನಿನಗೆ ಗಾಬರಿಯಾಗಬಾರದು. ಇವರು ಹತ್ತಿ ಊದುವುದನ್ನು ಮತ್ತೆ ಹಿಡಿದಿದ್ದಾರೆ. ಬೇಡ ಅಂದರೆ ಕೇಳುವುದಿಲ್ಲ. "ಸುಮ್ನಿರೇ. ಪ್ರಯತ್ನ... ಸಾಲದು ಅಂದಳಲ್ಲ. ಮುಂದಿನ ಸಲ... ನೋಡ್ತೀನಿ" ಅಂತಾರೆ. ಅವಳು ಅಂದದ್ದಲ್ಲ, ಪರದೆ ಅಂದದ್ದು, ಅಂದರೆ ತಲೆ ಆಡಿಸುತ್ತಾರೆ. ದಿನಾ ಬೆಳಗ್ಗೆ ಕುರ್ಚಿಯನ್ನು ಹೊಲಿಗೆಯ ಮೇಜಿಗೆ ಎಳೆದು ಕೊಡಬೇಕು.

ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಊದುತ್ತಾರೆ. ಹತ್ತಿ ಅಲುಗುವುದೂ ಇಲ್ಲ. ಅವರು ಕಣ್ಣು ತೆರೆಯುವುದಕ್ಕೆ ಸ್ವಲ್ಪ ಹೊತ್ತು ಬೇಕು, ಕಣ್ಣಿಗೆ ಕತ್ತಲೆ ಬಂದಿರುತ್ತದೆ. ಅಷ್ಟರಲ್ಲಿ ನಾನು ಹತ್ತಿಯನ್ನು ಎತ್ತಿ ಮೇಜಿನ ಆ ತುದಿಯಲ್ಲಿ ಇಡುತ್ತೇನೆ.

"ಹೋಯ್ತಾ?" ಅಂತಾರೆ.

"ಹೋಯ್ತು" ಅಂತೀನಿ.

ಜೀವಮಾನವೆಲ್ಲ ಹತ್ತಿ ಹಿಂಜಿದವರು, ಬೆರಳು ಸೋಕಿದ ಹತ್ತಿ ಹೇಗೆ ಕೂರುತ್ತದೆ ಅಂತ ಅವರಿಗೆ ಗೊತ್ತಿರುತ್ತದೋ ಏನೋ. ನೋಡಿ ಸ್ವಲ್ಪ ನಗುತ್ತಾರೆ, ಅಷ್ಟೇ.

ನೀನು ಬಂದಾಗ ನಿನ್ನೆದುರಿಗೆ ಊದಿ ತೋರಿಸದೆ ಇರುವುದಿಲ್ಲ. ನೀನು ಮೇಜಿನ ಆ ತುದಿಯಲ್ಲೇ ಕೂತುಕೋ. ನನ್ನ ಕೈ ಈಚೆಗೆ ನಿಧಾನವಾಗಿದೆ, ತಡವಾಗುತ್ತದೆ. ನಾನು ಎತ್ತಿಡದಿದ್ದರೆ ನೀನು ಎತ್ತಿಡು.

ಅಕ್ಕ